ಟಿವಿಯ ಬೆನ್ನು ಅವನ ಕೋಣೆಯಲ್ಲಿತ್ತು

ಆಗ ನನಗೆ ಅರವತ್ತೆರಡು. ಇಪ್ಪತ್ತು ವರ್ಷದ ಹಿಂದಿನ ಮಾತು, ಸ್ವಲ್ಪ ಹಿಂದೆ ಮುಂದೆ ಇರಬಹುದು. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ ಎಂದರೆ ಹೊಸಪೇಟೆಯವರಿಗೆ ಸಾಕು.

ನಮ್ಮ ಮನೆ ಸಂಡೂರು ರಸ್ತೆಗೆ ಹತ್ತಿಕೊಂಡ ಓಣಿಯಲ್ಲಿದೆ. ಮುಂದೊಂದು ಕೋಣೆ, ಹಿಂದೊಂದು ಕೋಣೆ. ನಡುವೆ ಗೋಡೆಯಿದೆ, ಬಾಗಿಲಿಲ್ಲ. ಹಿಂದಿನ ಕೋಣೆಗೆ ಅಂಗಳ ಸುತ್ತಿ ಹೋಗಬೇಕು. ಬಾಡಿಗೆಗೆ ಕೊಡಲೆಂದೇ ನನ್ನ ಗಂಡ ಹಾಗೆ ಕಟ್ಟಿಸಿದ್ದ. ಅವನು ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬೆಸುಗೆ ಹಾಕುತ್ತಿದ್ದವನು. ಕೈಗೆ ಸಿಕ್ಕ ಕಬ್ಬಿಣವನ್ನು ಸುಮ್ಮನೆ ಬಿಟ್ಟವನಲ್ಲ.

ಊರಿಗೆ ಅದಿರಿನ ದುಡ್ಡು ಬಂದಾಗ ಕಳ್ಳರೂ ಬಂದರು. ಪಕ್ಕದ ಓಣಿಯಲ್ಲಿ ಒಬ್ಬರ ಮನೆಯ ಟಿವಿ ಹೋಯಿತು. ನನ್ನ ಗಂಡ ಆ ಸುದ್ದಿ ಕೇಳಿದ ದಿನವೇ ನಡುಗೋಡೆ ಒಡೆದು ಟಿವಿ ಕೂರುವಷ್ಟು ಕಿಂಡಿ ಮಾಡಿದ. ಮುಖ ನಮ್ಮ ಕಡೆ, ಬೆನ್ನು ಹಿಂದಿನ ಕೋಣೆಯ ಕಡೆ. ಕಾದರೆ ಕಾವು ಆ ಕಡೆ ಹೋಗಲಿ ಎಂದು. ಮುಖದ ಮುಂದೆ ಲಾರಿಯ ರೇಡಿಯೇಟರಿಗೆ ಹಾಕುವ ಕಬ್ಬಿಣದ ಬಲೆಯಂಥ ಜಾಳಿಗೆಯನ್ನು ಇಟ್ಟು, ನಾಲ್ಕೂ ಕಡೆ ಬೆಸುಗೆ ಹಾಕಿ, ಸಿಮೆಂಟಿನಲ್ಲಿ ಹೂತ. ಬೆರಳು ತೂರಿಸಿ ಗುಂಡಿ ಒತ್ತಲು ಮೇಲಿನ ಮೂಲೆಯಲ್ಲಿ ಒಂದು ತೂತು ಬಿಟ್ಟ. ಹಿಂದೆ ಎರಡು ಸರಳು ಅಡ್ಡ.

“ಇನ್ನ ಯಾವ ಮಗ ಒಯ್ತಾನ ಒಯ್ಯಲಿ, ನೋಡೂಣು” ಅಂದ.

ಟಿವಿ ಯಾರೂ ಒಯ್ಯಲಿಲ್ಲ. ಅವನೇ ಹೋದ.

ಮಕ್ಕಳಾಗಿರಲಿಲ್ಲ. ನನ್ನ ತವರು ಬುಕ್ಕಸಾಗರ. ತಮ್ಮ ಸುಗ್ಗಿಯಾದ ಮೇಲೆ ಅಕ್ಕಿ ಮೂಟೆಯನ್ನು ಬಸ್ಸಿಗೆ ಹಾಕಿ ಕಳಿಸುತ್ತಿದ್ದ, ತಾನು ಬರುತ್ತಿರಲಿಲ್ಲ. ಹಗಲು ಪಕ್ಕದ ಮನೆಯವಳ ಜೊತೆ ಒಂದಿಷ್ಟು ಮಾತು. ಅವಳು ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಬಜಿ ಮಾಡುವವಳು, ಹೊತ್ತು ಇಳಿಯುವಾಗ ಬಂಡಿ ತಳ್ಳಿಕೊಂಡು ಹೊರಟುಬಿಡುತ್ತಿದ್ದಳು. ಆಮೇಲೆ ನನ್ನನ್ನು ಮಾತಾಡಿಸುವವರು ಯಾರೂ ಇಲ್ಲ. ಟಿವಿ ಹಾಕಿಕೊಂಡು ಕೂರುತ್ತಿದ್ದೆ. ಅದು ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ದನಿ ಇದೆಯೋ ಇಲ್ಲವೋ ಎಂದು ಒಮ್ಮೊಮ್ಮೆ ಕೆಮ್ಮಿ ನೋಡಿಕೊಳ್ಳುತ್ತಿದ್ದೆ.

ಹಿಂದಿನ ಕೋಣೆಗೆ ಆ ವರ್ಷ ಬಾಡಿಗೆಗೆ ಬಂದವನು ಕಂಪ್ಲಿಯವನು. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಸಂಡೂರು ರಸ್ತೆಯಲ್ಲಿ ಲಾರಿ ತೂಗುವ ವೇಬ್ರಿಡ್ಜುಗಳಿದ್ದವಲ್ಲ, ಅವುಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಬರುವಾಗ ಒಂದು ಹಾಸಿಗೆ ಸುರುಳಿ, ಒಂದು ಕಂಪ್ಯೂಟರ್ ತಂದ. ಎದುರು ಸಿಕ್ಕರೆ ನೆಲ ನೋಡಿಕೊಂಡು ಹೋಗುತ್ತಿದ್ದ. ಬಂದು ಎಷ್ಟೋ ತಿಂಗಳಾದರೂ ನಾವಿಬ್ಬರೂ ನೆಟ್ಟಗೆ ಮಾತಾಡಿರಲಿಲ್ಲ.

ಒಂದು ಸಂಜೆ ಧಾರಾವಾಹಿ ನೋಡುತ್ತಾ ಕೂತಿದ್ದೆ. ಟಿವಿಯ ಪಕ್ಕದ ಸಂದಿಯಿಂದ ಅವನ ದನಿ ಬಂತು.

“ಯಮ್ಮಾ, ನಿಮ್ಮ ಟಿವಿ ಹಿಂದ ಒಂದು ಹಳದಿ ತೂತು ಐತ್ರಿ. ಅದಕ್ಕ ನನ್ನ ವೈರ್ ಹಾಕ್ಲ್ಯಾ?”

“ಯಾಕ?”

“ನನ್ನ ಕಂಪ್ಯೂಟರಿನ ಚಿತ್ರ ನಿಮ್ಮ ಟಿವ್ಯಾಗ ಬರ್ತೈತೇನು ನೋಡ್ಬೇಕ್ರಿ.”

“ಬಂದ್ರ ನಿನಗೇನು ಸಿಗತೈತಿ?”

“ಏನೂ ಇಲ್ರಿ” ಅಂದ.

“ಹಂಗಾದ್ರ ಹಾಕು.”

ಅವನು ಮಾಡುತ್ತಿದ್ದುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಂಪ್ಯೂಟರಿನೊಳಗೆ ಚಿತ್ರ ಮಾಡುವುದಕ್ಕೆಂದೇ ಒಂದು ಹಲಗೆ ಇರುತ್ತದಂತೆ. ಹೀಗೆ ಮಾಡು, ಹಾಗೆ ಮಾಡು ಎಂದು ಅದಕ್ಕೆ ಹೇಳುವ ಒಂದು ಬರಹ ಬೇಕು, ಅದರ ಹೆಸರು ಡ್ರೈವರ್. ಹಲಗೆ ಮಾರುವ ಕಂಪನಿಯವರು ತಮ್ಮ ಬರಹಕ್ಕೆ ಬೀಗ ಹಾಕಿಟ್ಟಿರುತ್ತಾರೆ. ಇನ್ನು ಕೆಲವರು, ಬೇರೆ ಬೇರೆ ದೇಶದವರು, ಅದೇ ಕೆಲಸದ ಬರಹವನ್ನು ತಾವೇ ಬರೆದು ಬಾಗಿಲು ತೆಗೆದಿಟ್ಟಿದ್ದಾರೆ. ಯಾರು ಬೇಕಾದರೂ ಓದಬಹುದು, ರಿಪೇರಿ ಮಾಡಬಹುದು. ಆ ಹಲಗೆಯಲ್ಲಿ ಟಿವಿಗೆ ಚಿತ್ರ ಕಳಿಸುವ ತೂತೂ ಇತ್ತು. ಆದರೆ ಬಾಗಿಲು ತೆಗೆದಿಟ್ಟ ಬರಹಕ್ಕೆ ಆ ತೂತಿನ ಕೆಲಸ ಇನ್ನೂ ಬರುತ್ತಿರಲಿಲ್ಲ. ಬರೆಯುವವರ ದೇಶದ ಟಿವಿಗೆ ಯಾರೋ ಅರ್ಧ ಮಾಡಿದ್ದರು. ನಮ್ಮ ದೇಶದ ಟಿವಿಯ ಜಾತಿ ಬೇರೆಯಂತೆ. ಅದನ್ನು ಮಾಡಿ ನೋಡಲು ಅವರ ಹತ್ತಿರ ಅಂಥ ಟಿವಿಯೇ ಇರಲಿಲ್ಲ. ಇವನು ನಾನು ಮಾಡುತ್ತೇನೆ ಎಂದು ಒಪ್ಪಿಕೊಂಡಿದ್ದ.

“ಅವರ ಮುಖ ನೋಡೀಯೇನು?” ಎಂದು ಕೇಳಿದೆ.

“ಇಲ್ರಿ.”

“ದನಿ ಕೇಳೀಯೇನು?”

“ಇಲ್ರಿ. ಬರ್ಕೊಳ್ಳೋದು ಅಷ್ಟ.”

“ಮತ್ತ ಅವರು ನಿನಗೇನಾಗ್ಬೇಕು?”

“ಗೊತ್ತಿದ್ದೋರು” ಅಂದ.

ಅದಕ್ಕೆ ನಾನು ನಗಲಿಲ್ಲ. ಇಷ್ಟು ವರ್ಷ ಬರೀ ಅವರ ಹತ್ತಿರ ಕೇಳಿ ಕೇಳಿ ಕಲಿತಿದ್ದನಂತೆ, ಈಗ ಮೊದಲ ಸಲ ಅವರಿಗೆ ಕೊಡಲು ಅವನ ಹತ್ತಿರ ಏನೋ ಒಂದು ಇತ್ತು. ಅವರು ತೆಗೆದುಕೊಂಡರೆ ಬರಹದಲ್ಲಿ ಅವನ ಹೆಸರು ಸೇರುತ್ತದೆ. ಅವನಿಗೆ ಬೇಕಾಗಿದ್ದುದು ಅಷ್ಟೇ. ನನಗೆ ಏನು ಬೇಕಾಗಿತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸ ನಡೆಯುತ್ತಿದ್ದುದು ಹೀಗೆ. ಅವನು ಡ್ಯೂಟಿಯಿಂದ ಬಂದು ಕೈಕಾಲು ತೊಳೆದು ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ನಾನು ಈ ಕಡೆ ಜಾಳಿಗೆಯ ಮುಂದೆ. ಅವನು ಬರಹದಲ್ಲಿ ಏನೋ ತಿದ್ದಿ ಚಿತ್ರ ಕಳಿಸಿ ಕೂಗುತ್ತಿದ್ದ. ನಾನು ಕಂಡದ್ದನ್ನು ತಿರುಗಿ ಕೂಗುತ್ತಿದ್ದೆ. ಅವನು ತಕ್ಷಣ ಆರಿಸಿಬಿಡುತ್ತಿದ್ದ. ತಪ್ಪಿದ್ದನ್ನು ಹೆಚ್ಚು ಹೊತ್ತು ಬಿಟ್ಟರೆ ಟಿವಿ ಸುಟ್ಟುಹೋಗುವ ಭಯ. ಅಂಗಳ ಸುತ್ತಿ ಬಂದು ನೋಡುವಷ್ಟು ಹೊತ್ತು ಇರುತ್ತಿರಲಿಲ್ಲ. ಟಿವಿಯ ಬೆನ್ನು ಅವನದು, ಮುಖ ನನ್ನದು.

“ಬಂತೇನ್ರೀ?”

“ಕರಿ ಕಂಬಳಿ.”

“ಈಗ್ರಿ?”

“ಹೊಳ್ಯಾಗ ಸೀರಿ ಹರಕೊಂಡು ಹೋದಂಗ ಹೊಂಟೈತಿ. ಮ್ಯಾಲಕ್ಕ.”

“ಮ್ಯಾಲಕ್ಕೋ ಕೆಳಕ್ಕೋ, ಸರಿಯಾಗಿ ನೋಡ್ರಿ.”

“ಕಣ್ಣು ನನ್ನವು. ಮ್ಯಾಲಕ್ಕ ಅಂದ್ರ ಮ್ಯಾಲಕ್ಕ!”

ಅದು ನಿಲ್ಲುವುದಕ್ಕೇ ಬಹಳ ದಿನ ಹಿಡಿಯಿತು. ನಿಂತ ಮೇಲೆ ಒಂದು ದುಂಡನೆಯ ಗೆರೆ ಕಳಿಸಿದ.

“ರೊಟ್ಟಿ ಹಂಗ ದುಂಡಗ ಐತೇನ್ರಿ?”

“ರೊಟ್ಟಿ ಅಲ್ಲ, ಬದನಿಕಾಯಿ. ನೆತ್ತಿನೂ ಕತ್ತರಿಸಿ ಹೋಗೈತಿ.”

ರಸ್ತೆಯಲ್ಲಿ ಲಾರಿ ಹೋಗುತ್ತಿದ್ದರೆ ಇಬ್ಬರೂ ಗಂಟಲು ಹರಿಯುವಂತೆ ಕಿರುಚಬೇಕಾಗುತ್ತಿತ್ತು. ಒಂದು ದಿನ ಮಿರ್ಚಿಯವಳು ಬಂಡಿ ನಿಲ್ಲಿಸಿ ಬಾಗಿಲಲ್ಲಿ ಇಣುಕಿದಳು.

“ಏನಬೇ ಯಕ್ಕಾ, ಗ್ವಾಡಿ ಕೂಡ ಜಗಳಾ ಆಡಾಕತ್ತೀಯಲ್ಲ? ಹುಚ್ಚು ಹಿಡೀತೇನು?”

“ಗ್ವಾಡಿನಾದ್ರೂ ತಿರುಗಿ ಮಾತಾಡತೈತಿ. ನಿನ್ನ ಗಂಡ ಮಾತಾಡ್ತಾನೇನು?”

“ಅಂವ ಕುಡದಾಗ ಗ್ವಾಡಿ ಕೂಡನ ಮಾತಾಡ್ತಾನ ತಗಾ” ಎಂದು ನಕ್ಕು ಹೋದಳು.

ಆರಂಭದಲ್ಲೇ ಅವನು ಒಂದು ಮಾತು ಕೇಳಿದ್ದ. ಜಾಳಿಗೆ ಕತ್ತರಿಸಿ ಟಿವಿಯನ್ನು ತನ್ನ ಕಡೆ ತಿರುಗಿಸಿಕೊಂಡರೆ ಇಷ್ಟು ಕೂಗಾಟ ಬೇಕಿಲ್ಲ, ಕೆಲಸ ಜಲ್ದಿ ಮುಗಿಯುತ್ತದೆ, ಆಮೇಲೆ ತಾನೇ ಮತ್ತೆ ಜಾಳಿಗೆ ಹಾಕಿಸಿಕೊಡುತ್ತೇನೆ ಎಂದು. “ನನ್ನ ಗಂಡ ಹಾಕಿದ ಬೆಸುಗಿ, ಮುಟ್ಟಬ್ಯಾಡ” ಅಂದೆ. ಅವನು ಮತ್ತೆ ಕೇಳಲಿಲ್ಲ. ಗಂಡನ ಬೆಸುಗೆಯ ಮೇಲೆ ನನಗೆ ಅಂಥ ಭಕ್ತಿಯೇನೂ ಇರಲಿಲ್ಲ. ಟಿವಿಯ ಮುಖ ಆ ಕಡೆ ತಿರುಗಿದರೆ ಈ ಕಡೆ ಕೂತು ನೋಡಿ ಹೇಳುವವಳು ಯಾಕೆ ಬೇಕು? ಹಾಗೆಂದು ಅವನಿಗೆ ಸುಳ್ಳು ಹೇಳಿ ಕೆಲಸ ಎಳೆದವಳೂ ಅಲ್ಲ. ರೊಟ್ಟಿ ದುಂಡಗಾದ ದಿನ ದುಂಡಗಾಯಿತು ಎಂದೇ ಕೂಗಿದೆ.

ಕೊನೆಗೆ ಬಣ್ಣದ ಕೆಲಸ ಬಂತು. ಚಿತ್ರ ನಿಂತಿತ್ತು, ಆದರೆ ಬೂದಿ ಬಳಿದಂತೆ ಇತ್ತು. ಏನೇನೋ ತಿದ್ದಿ ಬಣ್ಣ ತಂದ. ಪಟ್ಟಿ ಪಟ್ಟಿಯಾಗಿ ಬಿಳಿ, ಹಳದಿ, ಹಸಿರು, ಕೆಂಪು, ನೀಲಿ ಕಳಿಸಿದ.

“ಬಿಳಿ ಬಿಳೀನ ಐತೇನ್ರಿ?”

“ಐತಿ.”

“ಎಂಥಾ ಬಿಳಿ?”

“ಬಿಳಿ ಅಂದ್ರ ಬಿಳಿ. ನಮ್ಮ ಗ್ವಾಡಿ ಹಂಗ.”

ಆ ಕಡೆ ಅವನು ನಕ್ಕದ್ದು ಕೇಳಿಸಿತು. ನಾನು ಗೋಡೆ ನೋಡಿದೆ. ಸುಣ್ಣ ಬಳಿದ ಗೋಡೆ ಇಟ್ಟಂಗಿಯ ಬಣ್ಣಕ್ಕೆ ಬಂದಿತ್ತು. ಆ ವರ್ಷಗಳಲ್ಲಿ ನಮ್ಮ ಕಡೆ ಕೆಂಪಾಗದೆ ಉಳಿದದ್ದು ಏನೂ ಇಲ್ಲ. ಮರದ ಎಲೆ, ಎಮ್ಮೆಯ ಬೆನ್ನು, ಒಣಹಾಕಿದ ಬಟ್ಟೆ, ಮೂಗು ಸೀನಿದರೆ ಅದೂ ಕೆಂಪು. ಗೋಡೆ ನೋಡಿ ಹೇಳಿದರೆ ಆಗುವುದಿಲ್ಲ ಎಂದು ಒಂದು ತಟ್ಟೆ ತಂದೆ. ಬಿಳಿಗೆ ಬುಕ್ಕಸಾಗರದ ಅಕ್ಕಿ, ಹಳದಿಗೆ ಅರಿಶಿಣ, ಹಸಿರಿಗೆ ವೀಳ್ಯದೆಲೆ, ಕೆಂಪಿಗೆ ಒಣ ಮೆಣಸಿನಕಾಯಿ, ನೀಲಿಗೆ ಬಟ್ಟೆಗೆ ಹಾಕುವ ನೀಲಿ ಪುಡಿ. ತಟ್ಟೆಯನ್ನು ಜಾಳಿಗೆಯ ಪಕ್ಕಕ್ಕೆ ಹಿಡಿದು, ಒಂದೊಂದೇ ಬಣ್ಣವನ್ನು ತಟ್ಟೆಗೆ ಹೋಲಿಸಿ ಹೇಳತೊಡಗಿದೆ.

ಅದನ್ನೂ ಮಿರ್ಚಿಯವಳು ನೋಡಿದಳು. “ಈಗ ಟಿವಿಗೆ ಆರತಿ ಬ್ಯಾರೆ ಚಾಲೂ ಮಾಡೀದಿ? ನಡೀಲಿ ನಡೀಲಿ.”

ಬಿಳಿ ಅಕ್ಕಿಗೆ ಬರುವುದೇ ಕಷ್ಟವಾಯಿತು. “ಇನ್ನೂ ಕೆಂಪೈತಿ” ಅನ್ನುತ್ತಿದ್ದೆ. ಅವನು ತಿದ್ದುತ್ತಿದ್ದ. “ಇನ್ನೂ ಸ್ವಲ್ಪ.” ಮತ್ತೆ ತಿದ್ದುತ್ತಿದ್ದ. “ಹಾಂ, ಈಗ ಅಕ್ಕಿ!” ಅಂದ ದಿನ ಅವನು ಚಿತ್ರ ಆರಿಸದೆ ಹಾಗೇ ಬಿಟ್ಟು, ಅಂಗಳ ಸುತ್ತಿ ಓಡಿ ಬಂದು ನನ್ನ ಪಕ್ಕ ನಿಂತು ನೋಡಿದ. ಐದೂ ಬಣ್ಣ ತಟ್ಟೆಯಲ್ಲಿದ್ದ ಹಾಗೇ.

“ಕೇಬಲ್‌ನ್ಯಾವರಿಗಿಂತ ನಿಂದ ಚೊಲೋ ಐತಿ ನೋಡು. ಅವರದಾಗ ಎಲ್ಲಾರೂ ಕೆಂಪಗ ಇರ್ತಾರ” ಅಂದೆ.

“ಕೇಬಲ್ ಸಿಗ್ನಲ್ ಚೊಲೋ ಇರಾಂಗಿಲ್ರಿ” ಅಂದ.

ಇಬ್ಬರೂ ಎಷ್ಟು ದಡ್ಡರು ಎಂದು ಈಗ ಅನ್ನಿಸುತ್ತದೆ.

ರಜೆಯ ದಿನ ಅವನು ಹಂಪಿಗೆ ಹೋದ. ಅಲ್ಲಿ ಫಾರಿನ್ನಿನವರು ಬರುತ್ತಾರೆಂದು ಬಜಾರಿನಲ್ಲಿ ಇಂಟರ್ನೆಟ್ ಅಂಗಡಿಗಳಿದ್ದವು, ನಮ್ಮೂರಿನದಕ್ಕಿಂತ ಜಲ್ದಿ ಹೋಗುತ್ತದಂತೆ. ಕಳಿಸಿ ಬಂದ. ಮುಂದಿನ ರಜೆಗೆ ಮತ್ತೆ ಹೋಗಿ, ಅವರು ತೆಗೆದುಕೊಂಡರು ಎಂದು ಹೇಳಿ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟ. ಮುಖ ಎತ್ತಿ ಮಾತಾಡಿದ. ಅಂದೇ ಟಿವಿಯ ಬೆನ್ನಿನಿಂದ ವೈರು ಕಿತ್ತ.

ಆಮೇಲೆ ಗೋಡೆ ಸುಮ್ಮನಾಯಿತು. ಸಂಜೆ ಅವನು ಬಂದದ್ದು ಗೊತ್ತಾಗುತ್ತಿತ್ತು, ಕೈಕಾಲು ತೊಳೆದದ್ದು ಕೇಳುತ್ತಿತ್ತು, ಅಷ್ಟೇ. ಒಂದು ದಿನ ನಾನೇ ಸಂದಿಯಲ್ಲಿ “ಉಂಡೀಯೇನು?” ಎಂದು ಕೂಗಿದೆ. “ಹೂಂನ್ರಿ” ಅಂದ. ಮುಂದೆ ಕೇಳಲು ಏನೂ ಇರಲಿಲ್ಲ.

ಮತ್ತೊಂದು ರಜೆಗೆ ಹಂಪಿಯಿಂದ ಬಂದವನು ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟ. ಅವನ ಬರಹ ಹಾಕಿಕೊಂಡು ನೋಡಿದವರಿಂದ ದೂರು ಬಂದಿತ್ತಂತೆ. ನಮ್ಮ ಜಾತಿಯ ಟಿವಿ ಇರುವ ಬೇರೆ ಬೇರೆ ದೇಶದವರು, ಎಲ್ಲರದೂ ಒಂದೇ ಮಾತು, ಚಿತ್ರವೆಲ್ಲ ನೀಲಿ. ಮನುಷ್ಯರ ಮುಖ ಹೆಣದಂತೆ ಕಾಣುತ್ತದೆ. ಒಬ್ಬನಂತೂ, ಇದನ್ನು ಮಾಡಿದವನು ಕಣ್ಣು ಮುಚ್ಚಿಕೊಂಡು ಮಾಡಿದನೋ ಎಂದು ಕೇಳಿದ್ದನಂತೆ. ಡ್ರೈವರಿನ ಹೊಸ ಬರಹ ಹೊರಗೆ ಬರುವುದರೊಳಗೆ ಸರಿಮಾಡದಿದ್ದರೆ ಇವನು ಸೇರಿಸಿದ್ದನ್ನೆಲ್ಲ ತೆಗೆದುಹಾಕುತ್ತಾರೆ.

ಸುದ್ದಿ ಕೇಳಿ ನನಗೆ ಒಳಗೆ ಸಂತೋಷವೇ ಆಯಿತು, ಮತ್ತೆ ವೈರು ಬರುತ್ತದೆ ಎಂದು. ಅವನ ಮುಖ ನೋಡಿದ ಮೇಲೆ ಅದು ಉಳಿಯಲಿಲ್ಲ.

ವೈರು ಬಂತು. ನಾನು ಹೊಸ ವೀಳ್ಯದೆಲೆ ತೊಳೆದು ತಟ್ಟೆಗಿಟ್ಟೆ. ಅವನು ಪಟ್ಟಿ ಕಳಿಸಿದ. ತಟ್ಟೆಗೆ ಹೋಲಿಸಿದೆ. ಬಿಳಿ ಅಕ್ಕಿಯೇ, ಹಸಿರು ಎಲೆಯೇ.

“ಸರಿಯಾಗೇ ಐತಲ್ಲೋ.”

“ಸರಿ ಐತಿ ಅನಬ್ಯಾಡ್ರಿ! ಸರಿ ಇದ್ದಿದ್ರ ಅಷ್ಟು ಮಂದಿ ಯಾಕ ಬೈತಾರ?”

ಅವನು ದನಿ ಏರಿಸಿದ್ದು ಅದೇ ಮೊದಲು.

“ಮಂದಿ ಬೈದ್ರ ಮಂದೀನ್ನ ಕೇಳು. ಐತಿ ಅಂದ್ರ ಐತಿ!”

ಹಾಗೆ ಒಂದಷ್ಟು ಸಂಜೆ ಹೋದವು. ಅವನು ಬರಹವನ್ನು ತಲೆಯಿಂದ ಕಾಲಿನವರೆಗೆ ಓದಿದ, ತಪ್ಪು ಸಿಗಲಿಲ್ಲ. ಮಾತು ಕಡಿಮೆಯಾಯಿತು. ಕೂಗುವುದೂ ಬಿಟ್ಟು ಒಂದೊಂದು ಸಲ “ಹೂಂ?” ಅನ್ನುತ್ತಿದ್ದ. ಇಂಥ ಸಂಜೆ ನನಗೆ ಬೇಕಾಗಿರಲಿಲ್ಲ.

ಆ ದಿನ ಬೇಸರದಿಂದ ಎಲೆಯನ್ನು ಕೈಯಲ್ಲೇ ಹಿಡಿದು ಜಾಳಿಗೆಗೆ ಒತ್ತಿದೆ. ತೊಳೆದ ಎಲೆ, ನೀರು ತೊಟ್ಟಿಕ್ಕುತ್ತಿತ್ತು. ಬೆರಳಿಟ್ಟು ಗುಂಡಿ ಒತ್ತುವ ತೂತಿನಿಂದ ಜಾರಿ ಒಳಗೆ ಹೋಯಿತು, ಟಿವಿಯ ಗಾಜಿಗೆ ಅಂಟಿಕೊಂಡಿತು. ಹಾಗೇ ನಿಧಾನವಾಗಿ ಗಾಜಿನ ಮೇಲೆ ಕೆಳಗೆ ಜಾರಿತು.

ಅದು ಜಾರಿದ ಜಾಗದಲ್ಲಿ ಒಂದು ಗೆರೆ ಮೂಡಿತು. ಬಿಳಿ ಪಟ್ಟಿಯ ನಡುವೆ ಆ ಗೆರೆಯಷ್ಟೇ ನೀಲಿ. ನನ್ನ ತಟ್ಟೆಯಲ್ಲಿದ್ದ ನೀಲಿ ಪುಡಿಯನ್ನು ನೀರಿಗೆ ಹಾಕಿದರೆ ಬರುತ್ತದಲ್ಲ, ಆ ನೀಲಿ.

ಆ ಜಾಳಿಗೆ ಬಿದ್ದ ದಿನದಿಂದ ಆ ಗಾಜನ್ನು ಯಾರೂ ಒರೆಸಿರಲಿಲ್ಲ. ಒರೆಸಲು ಕೈ ಹೋಗುತ್ತಿರಲಿಲ್ಲ. ವರ್ಷಗಳ ಅದಿರಿನ ಧೂಳು ಗಾಜಿಗೆ ಮೆತ್ತಿ ಕೂತಿತ್ತು. ಸ್ವಲ್ಪ ಸ್ವಲ್ಪವೇ ಕೂತದ್ದರಿಂದ ನನಗೆ ಗೊತ್ತೇ ಆಗಿರಲಿಲ್ಲ. ಆ ಕೆಂಪಿನ ಹಿಂದಿನಿಂದ ಅಕ್ಕಿಯ ಬಿಳಿ ಬರಲಿ ಎಂದು ನಾವು ಚಿತ್ರಕ್ಕೆ ನೀಲಿ ಸುರಿದಿದ್ದೆವು. ಧೂಳಿಲ್ಲದ ಊರಿನವರು ಆ ನೀಲಿಯನ್ನು ನೋಡುತ್ತಿದ್ದರು.

ನಾನು ತಟ್ಟೆಯನ್ನು ನೆಲಕ್ಕಿಟ್ಟೆ. ಗಾಜು ಒರೆಸಬೇಕಾದರೆ ಜಾಳಿಗೆ ತೆಗೆಯಬೇಕು. ಜಾಳಿಗೆ ತೆಗೆದರೆ ಟಿವಿ ಎತ್ತ ಬೇಕಾದರತ್ತ ತಿರುಗುತ್ತದೆ.

“ಹೂಂ?” ಅಂದ ಆ ಕಡೆಯಿಂದ.

“ಬಾ ಇಲ್ಲಿ. ಆರಿಸಬ್ಯಾಡ, ಹಂಗ ಬಿಟ್ಟು ಬಾ” ಎಂದು ಕೂಗಿದೆ.

ಅವನು ಬಂದ. ಗೆರೆ ನೋಡಿದ. ಬೆರಳು ತೂರಿಸಿ ಗಾಜು ಮುಟ್ಟಿ, ಕೆಂಪಾದ ಬೆರಳನ್ನು ನೋಡಿಕೊಂಡ. “ಥೂ” ಅಂದ. ಆಮೇಲೆ ನಕ್ಕ. ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ತೂತಿನಿಂದ ಒರೆಸಲು ನೋಡಿದ. ಧೂಳು ಕೆಸರಾಗಿ ಗಾಜಿಗೆ ಬಳಿದುಕೊಂಡಿತು. ಕಡ್ಡಿ ಕೆಳಗಿಟ್ಟು ನನ್ನ ಮುಖ ನೋಡಿದ. ಜಾಳಿಗೆ ಕೊಯ್ಯಲೇ ಎಂದು ಮಾತ್ರ ಕೇಳಲಿಲ್ಲ.

“ನಾಳಿ ಶೆಡ್ಡಿನ್ಯಾವನ್ನ ಕರಕೊಂಡು ಬಾ. ಕೊಯ್ಯಲಿ” ಅಂದೆ.

ಮರುದಿನ ಸಂಜೆ ನನ್ನ ಗಂಡನ ಜೊತೆ ಕೆಲಸ ಮಾಡುತ್ತಿದ್ದವನು ಬಂದ. ಅವನೂ ತಲೆ ಬೆಳ್ಳಗಾದವನು. ಬೆಂಕಿ ಹಾಕಿದರೆ ಗಾಜು ಸಿಡಿಯುತ್ತದೆ ಎಂದು ಗರಗಸ ತಂದಿದ್ದ. ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿದ.

“ಯಕ್ಕಾ, ಇದನ್ನ ಕೊಯ್ಯೋದಕ್ಕಿಂತ ಗ್ವಾಡಿ ಕೆಡವೋದು ಸಸಾರ ನೋಡು. ಟಿವಿ ಕಾಯಾಕ ಇಷ್ಟು ಬೆಸುಗಿ ಹಾಕ್ಯಾನ, ಅಂವಗ ಏನು ತಲಿ ಕೆಟ್ಟಿತ್ತೇನು?”

“ಅಂವಗ ತಲಿ ಯಾವತ್ತು ನೆಟ್ಟಗಿತ್ತು? ಕೊಯ್ಯಿ ಸುಮ್ನ.”

ಕೊಯ್ಯುವಷ್ಟರಲ್ಲಿ ಅವನ ಅಂಗಿಯೆಲ್ಲ ತೊಯ್ದಿತ್ತು. ಜಾಳಿಗೆ ಕಳಚಿ ಅಂಗಳಕ್ಕೆ ಎಸೆದ. ನಾನು ಬೋಗುಣಿಯಲ್ಲಿ ನೀರು ತಂದು ಗಾಜು ಒರೆಸಿದೆ. ನೀರು ಅದಿರು ತೊಳೆದ ಹಳ್ಳದಂತಾಯಿತು, ಮತ್ತೆ ಮತ್ತೆ ಚೆಲ್ಲಿ ತಂದೆ. ಆಮೇಲೆ ಕೇಬಲ್ ಹಾಕಿ ನೋಡಿದೆ. ಸುದ್ದಿ ಓದುವ ಹುಡುಗಿ ಕೆಂಪಗಿರಲಿಲ್ಲ. ನಮ್ಮ ನಿಮ್ಮ ಹಾಗೆ ಇದ್ದಳು.

ಶೆಡ್ಡಿನವನು ಚಹಾ ಕುಡಿದು ಹೋದ. ಬಾಡಿಗೆಯವನು ಬಾಗಿಲಲ್ಲೇ ನಿಂತಿದ್ದ.

“ಯಮ್ಮಾ, ಇವತ್ತೊಂದು ದಿನ ನನ್ನ ಕಡಿ ತಿರುಗಿಸ್ಲ್ಯಾ? ನಾನ ನೋಡಿಕೊಂಡು ಮಾಡಿಬಿಡ್ತೀನ್ರಿ.”

“ತಿರುಗಿಸು.”

ಹಿಂದಿನ ಸರಳುಗಳ ಹಿಂದೆ ಟಿವಿಯ ಮುಖ ಆ ಕಡೆಗಾಯಿತು. ನನ್ನ ಕಡೆಗೆ ಕರಿ ಬೆನ್ನು, ಅದರಲ್ಲಿ ಹಳದಿ ತೂತು, ಅದರಿಂದ ಇಳಿದ ವೈರು. ಅವನು ಹೇಳಿದ್ದ ತೂತನ್ನು ನಾನು ನೋಡಿದ್ದು ಅಂದೇ. ತಟ್ಟೆ ತಂದು ಮಡಿಲಲ್ಲಿಟ್ಟುಕೊಂಡು ನನ್ನ ಜಾಗದಲ್ಲಿ ಕೂತೆ. ಬೇಕಾದರೆ ಕರೆಯಲಿ ಎಂದು.

ಗುಂಡಿ ಒತ್ತುವ ಟಕಟಕ ಕೇಳುತ್ತಿತ್ತು. ನಿಲ್ಲುತ್ತಿತ್ತು. ಮತ್ತೆ ಕೇಳುತ್ತಿತ್ತು. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಅವನು ಬಂತೇನು ಎಂದು ಕೇಳಲಿಲ್ಲ, ಮೇಲಕ್ಕೋ ಕೆಳಕ್ಕೋ ಎಂದು ಕೇಳಲಿಲ್ಲ. ಊಟದ ಹೊತ್ತಿಗೆ ಮುಂಚೆಯೇ, “ಆತ್ರೀ ಯಮ್ಮಾ. ಎಲ್ಲಾ ಸರಿಯಾತು” ಅಂದ.

“ಬಿಳಿ?”

“ಬಿಳಿ ಬಿಳೀನ ಐತ್ರಿ.”

“ಎಂಥಾ ಬಿಳಿ?” ಎಂದು ಕೇಳಿದೆ. ಲಾರಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲವೋ ಏನೋ. ಎರಡನೇ ಸಲ ಕೇಳಲಿಲ್ಲ.

ಮರುದಿನ ಅವನು ಕತ್ತಲಿರುವಾಗಲೇ ಎದ್ದು, ಸರಿಮಾಡಿದ್ದನ್ನು ಕಳಿಸಲು ಹಂಪಿಯ ಮೊದಲ ಬಸ್ಸಿಗೆ ಹೋದ. ನಾನು ಎದ್ದು ಅಂಗಳ ಗುಡಿಸಿದೆ. ಜಾಳಿಗೆಯನ್ನು ಕಲ್ಲುಗಳ ಮೇಲೆ ಇಟ್ಟು ಪಾತ್ರೆ ಬೋರಲು ಹಾಕುವ ಅಟ್ಟಣೆ ಮಾಡಿಕೊಂಡೆ. ತಟ್ಟೆಯಲ್ಲಿದ್ದ ಅಕ್ಕಿಯನ್ನು ಅನ್ನದ ಅಕ್ಕಿಗೆ ಸೇರಿಸಿದೆ, ಅರಿಶಿಣವನ್ನೂ ಮೆಣಸಿನಕಾಯಿಯನ್ನೂ ಬೇಳೆಗೆ ಹಾಕಿದೆ. ಎಲೆ ಬಾಡಿತ್ತು, ಆದರೂ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡೆ. ನೀಲಿ ಪುಡಿಯನ್ನು ಬಕೆಟ್ಟಿನ ನೀರಿಗೆ ಕದಡಿ, ನನ್ನ ಬಿಳಿ ಸೀರೆಯನ್ನು ಅದ್ದಿ ಹಿಂಡಿ, ಹೊರಗೆ ಹಾಕಿದರೆ ಮತ್ತೆ ಕೆಂಪಾಗುತ್ತದೆಂದು ಒಳಗೇ, ಟಿವಿಯ ಬೆನ್ನಿನ ಮುಂದೆ ಹಗ್ಗ ಕಟ್ಟಿ ಒಣಗಹಾಕಿದೆ.